ಜ್ವರ ಬಾರದ ಊರು

ಈ ನಾಡಿನಲ್ಲೇ ಅತ್ಯಂತ ಸಭ್ಯವಾಗಿ ನಡೆಯುತ್ತಿದ್ದ ಆರು ಮೊಣಕಾಲುಗಳು ಕಲಬುರಗಿಯ ಹೊರವಲಯದ ಒಂದು ಗಾಜಿನ ಕೋಣೆಯಲ್ಲಿದ್ದವು. ಅವಕ್ಕೆ ಮೇಲೆ ತೊಡೆ ಇರಲಿಲ್ಲ, ಕೆಳಗೆ ಪಾದವಿರಲಿಲ್ಲ. ಉಕ್ಕಿನ ಚೌಕಟ್ಟಿನೊಳಗೆ ಸಾಲಾಗಿ ನಿಂತು, ಸೆಕೆಂಡಿಗೊಂದು ಹೆಜ್ಜೆಯಂತೆ, ಎಲ್ಲಿಗೂ ಹೋಗದೆ ನಡೆಯುತ್ತಲೇ ಇರುತ್ತಿದ್ದವು. ಹೊಟ್ಟೆ ತುಂಬಿದ, ಒಳ್ಳೆ ಬೂಟು ತೊಟ್ಟ, ಎಪ್ಪತ್ತೈದು ಕಿಲೋ ತೂಕದ ಗಂಡಸೊಬ್ಬ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಹೋದರೆ ಹೇಗೆ ನಡೆದಾನೋ ಹಾಗೆ. ಎರಡು ತಿಂಗಳಿಗೆ ಐವತ್ತು ಲಕ್ಷ ಹೆಜ್ಜೆ. ಅಷ್ಟಾದರೆ ಆ ಮೊಣಕಾಲು ಮನುಷ್ಯನ ಮೈಯಲ್ಲಿ ಐದು ವರ್ಷ ಬಾಳಿದಂತೆ ಎಂದು ಶಾಸ್ತ್ರ.

ಕೀಲಿನೊಳಗಿನ ಜಿಗುಟು ನೀರಿಗೆ ಬದಲಾಗಿ ಅವು ಕರುವಿನ ರಕ್ತದಿಂದ ತೆಗೆದ ಸೀರಮ್ಮಿನಲ್ಲಿ ಮುಳುಗಿರುತ್ತಿದ್ದವು. ಕೇಂದ್ರದ ಕ್ಯಾಂಟೀನಿನಲ್ಲಿ ಮೊಟ್ಟೆಯನ್ನು ಕೂಡ ಬೇಯಿಸಬಾರದೆಂದು ಸುತ್ತೋಲೆ ಹೊರಡಿಸಿದ್ದ ನಿರ್ದೇಶಕ ಡಾ. ಉದಯಸಿಂಹ ದೇಸಾಯರೇ ಆ ಸೀರಮ್ಮಿನ ಕ್ಯಾನುಗಳಿಗೆ ತಿಂಗಳಿಗೊಮ್ಮೆ ರುಜು ಹಾಕುತ್ತಿದ್ದರು. ಪೇಟೆಂಟಿಗೆ ಮಡಿ ಮೈಲಿಗೆ ತಾಗುವುದಿಲ್ಲ, ನೌಕರರ ಊಟದ ಡಬ್ಬಿಗೆ ಮಾತ್ರ ತಾಗುತ್ತದೆ.

ಆ ಯಂತ್ರವನ್ನು ನೋಡಿಕೊಳ್ಳುತ್ತಿದ್ದವಳು ಜಗದೇವಿ. ಕಾಗಿಣಾ ನದಿ ದಂಡೆಯ ಬಂಡೆವಾಡದ, ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಖಣಿಯಲ್ಲಿ ಕಲ್ಲು ಕಡಿದ ತಂದೆತಾಯಿಯ ಮಗಳು. ಓದಿ, ಬಿಳಿ ಕೋಟು ತೊಟ್ಟು, ಗಾಲಿ ಕುರ್ಚಿಯ ಮೇಲೆ ಕೂತು ಆರು ಮೊಣಕಾಲುಗಳ ಯೋಗಕ್ಷೇಮ ನೋಡುವ ಮಟ್ಟಕ್ಕೆ ಏರಿದ್ದಳು. ವಾರಕ್ಕೊಮ್ಮೆ ಸೀರಮ್ಮನ್ನು ಸೋಸಿ, ಸೋಸುಕಾಗದದ ಮೇಲೆ ಉಳಿದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಎಷ್ಟು ಕಂಡವು ಎಂದು ಬರೆಯುವುದು ಅವಳ ಕೆಲಸ.

ಯಾವ ಕೃತಕ ಕೀಲಾದರೂ ಸವೆಯಲೇಬೇಕು. ಲೋಹದ ಮೇಲೆ ವಜ್ರದಷ್ಟು ಗಟ್ಟಿಯಾದ ಇಂಗಾಲದ ತೆಳು ಲೇಪ ಹಚ್ಚಿದರೂ ಅಷ್ಟೆ, ನಿಧಾನವಾಗಿ ಸವೆಯುತ್ತದೆ. ಉದುರಿದ ಕಣ ಎಷ್ಟು ಸಣ್ಣದೆಂದರೆ ಒಂದು ಕೂದಲಿನ ಅಗಲಕ್ಕೆ ನೂರಿನ್ನೂರನ್ನು ಸಾಲಾಗಿ ನಿಲ್ಲಿಸಬಹುದು. ಅದನ್ನು ಕಂಡೊಡನೆ ಮೈಯ ಕಾವಲುಗಾರ ಕೋಶ ಬಂದು ನುಂಗುತ್ತದೆ. ನುಂಗುವುದೇ ಅದರ ಉದ್ಯೋಗ. ಆದರೆ ಇದು ರೋಗಾಣುವಲ್ಲ, ಅರಗುವುದಿಲ್ಲ. ಅರಗದ್ದನ್ನು ನುಂಗಿದ ಕೋಶ ರಾಸಾಯನಿಕಗಳನ್ನು ಉಗುಳಿ ಬೊಬ್ಬೆ ಹಾಕುತ್ತದೆ, ಬೊಬ್ಬೆ ಕೇಳಿ ಇನ್ನಷ್ಟು ಕೋಶಗಳು ಓಡಿ ಬರುತ್ತವೆ, ಜಾಗ ಊದುತ್ತದೆ, ನೋಯುತ್ತದೆ. ಈ ಗದ್ದಲದಲ್ಲಿ ಎಲುಬು ಕರಗಿಸುವ ಕೋಶಗಳೂ ಎದ್ದು ಕೀಲಿನ ಸುತ್ತಲ ಎಲುಬನ್ನೇ ಮೇಯತೊಡಗುತ್ತವೆ. ಹತ್ತು ಹದಿನೈದು ವರ್ಷಕ್ಕೆ ಕೀಲು ಸಡಿಲ. ಪ್ರಪಂಚದ ದೊಡ್ಡ ದೊಡ್ಡ ಪ್ರಯೋಗಾಲಯಗಳು ಸವೆತ ಕಡಿಮೆ ಮಾಡಲು ತಲೆ ಕೆಡಿಸಿಕೊಂಡಿದ್ದಾಗ ದೇಸಾಯರಿಗೆ ಬೇರೆಯೇ ಹೊಳೆಯಿತು.

"ತೊಂದರೆ ಇರೋದು ಕಣದಲ್ಲಲ್ಲ, ಕೂಗಾಟದಲ್ಲಿ," ಎಂದು ಅವರು ಸಭೆಗಳಲ್ಲಿ ಹೇಳುತ್ತಿದ್ದರು. "ಕೂಗೋ ಬಾಯಿ ಮುಚ್ಚಿಸಿದರೆ ಎಲುಬಿಗೆ ಎಲುಬೂ ಉಳೀತು, ನೋವಿಗೆ ನೋವೂ ಇಲ್ಲ."

ಖಣಿಯ ಮಾಲೀಕರು ಮೂರು ತಲೆಮಾರಿನಿಂದ ನಂಬಿಕೊಂಡು ಬಂದ ತತ್ವವೇ ಇದು. ಅವರ ಕೈಯಲ್ಲಿ ಸೂಕ್ಷ್ಮದರ್ಶಕ ಇರಲಿಲ್ಲ ಅಷ್ಟೆ.

ದೇಸಾಯರು ಲೇಪದೊಳಗೇ ಒಂದು ಅಣುವನ್ನು ಬೆರೆಸಿ ಅದಕ್ಕೆ 'ಮೌನಿ' ಎಂದು ಹೆಸರಿಟ್ಟರು. ಲೇಪ ಸವೆದು ಕಣ ಉದುರಿದರೆ ಮೌನಿಯೂ ಅದರ ಜೊತೆಗೇ ಉದುರುತ್ತದೆ, ನುಂಗಿದ ಕೋಶದ ಕೂಗನ್ನು ಅಲ್ಲೇ ಅಡಗಿಸುತ್ತದೆ. ಮೊಣಕಾಲಿಗೆ 'ಅಭಯಜಾನು' ಎಂದು ನಾಮಕರಣವಾಯಿತು, ಸರ್ಕಾರ 'ಶ್ರಮಜಾನು ಯೋಜನೆ' ಎಂದಿತು. ಶ್ರಮವನ್ನೂ ಜಾನುವನ್ನೂ ಒಂದೇ ಸಲ ಉಚ್ಚರಿಸಬಲ್ಲ ಒಬ್ಬ ಕೂಲಿಯೂ ಬಂಡೆವಾಡದಲ್ಲಿ ಇರಲಿಲ್ಲವಾದ್ದರಿಂದ ಜನ ಅದನ್ನು ಸರ್ಕಾರಿ ಮಣಕಾಲು ಎಂದರು. ಪೂರ್ತಿ ಮಡಚುವ ಮೊಣಕಾಲು, ನೆಲಕ್ಕೆ ಕೂರಬಲ್ಲ ಮೊಣಕಾಲು ಎಂಬುದು ಅದರ ಜಂಬ. ಖಣಿಯಲ್ಲಿ ಕೀಲು ಸವೆದು ಮೂಲೆ ಹಿಡಿದಿದ್ದ ಇನ್ನೂರಾ ಹನ್ನೆರಡು ಜನಕ್ಕೆ ಎರಡು ವರ್ಷದ ಹಿಂದೆ ಅದನ್ನು ಕೂಡಿಸಿದರು. ಅವರು ಎದ್ದು ಮತ್ತೆ ಉಳಿ ಹಿಡಿದರು. ಯೋಜನೆಯ ಉದ್ದೇಶವೂ ಅದೇ. ಪಿಂಚಣಿ ಕೊಡುವ ಬದಲು ಮೊಣಕಾಲು ಕೊಡುವುದು.

ಆ ಇನ್ನೂರಾ ಹನ್ನೆರಡರಲ್ಲಿ ಜಗದೇವಿಯ ತಾಯಿ ಸಾಬಮ್ಮನೂ ಒಬ್ಬಳು.

*

ಸಾಬಮ್ಮನ ಗಂಡ ಎದೆಯಲ್ಲಿ ಕಲ್ಲುಧೂಳು ತುಂಬಿ ಸತ್ತಾಗ ಅವಳು ಬುಟ್ಟಿ ಹೊರುವುದನ್ನು ಬಿಟ್ಟು ಅವನ ಉಳಿ ಸುತ್ತಿಗೆ ಎತ್ತಿಕೊಂಡಿದ್ದಳು. ಹೆಂಗಸು ಅಂಚು ಕಡಿಯುವುದುಂಟೇ ಎಂದು ಗಂಡಸರು ಹಲ್ಲು ಕಿಸಿದರು. ಆರು ತಿಂಗಳಲ್ಲಿ ಅವಳ ಫರ್ಸಿಯ ಅಂಚು ನೋಡಿ ಕಿಸಿದ ಹಲ್ಲನ್ನೆಲ್ಲ ಮುಚ್ಚಿಕೊಂಡರು.

ಭಾನುವಾರ ಜಗದೇವಿ ಊರಿಗೆ ಹೋದಾಗ ಅವ್ವ ಮನೆಯ ಮುಂದೆಯೇ ಕೂತು ಕಲ್ಲು ಕಡಿಯುತ್ತಿದ್ದಳು. ಪಕ್ಕದಲ್ಲಿ ಖಣಿಯ ಜೊತೆಗಾರ ಮಾಣಿಕಪ್ಪ. ಅವನದೂ ಸರ್ಕಾರಿ ಮಣಕಾಲು, ಅದೂ ಎರಡೂ ಕಡೆ.

"ಬಾ ಮಗಳ ಬಾ," ಎಂದ ಮಾಣಿಕಪ್ಪ. "ನಿಮ್ಮವ್ವನ ಫೋಟೋ ಬಸ್‌ಸ್ಟ್ಯಾಂಡಿನಾಗ ಹಚ್ಯಾರ, ನೋಡಿದ್ಯೇನು? ಮಂತ್ರಿಗಿಂತ ದೊಡ್ಡದದ."

"ಮಂತ್ರಿ ಹಲ್ಲು ತೋರ್ಸ್ಯಾನ, ನಾ ಮಣಕಾಲು ತೋರ್ಸೀನಿ," ಎಂದಳು ಸಾಬಮ್ಮ ತಲೆ ಎತ್ತದೆ. "ಬರೂ ತಿಂಗಳ ಹದಿನಾಲ್ಕನೇ ತಾರೀಖಿಗಿ ಇನ್ನೊಂದು ಕಾಲಿಗೂ ಕೂಡಸ್ತಾರಂತ. ಅದಕ್ಕ ಮೊದಲು ಮಂತ್ರಿ ಮುಂದ ಸ್ಟೇಜಿನ ಮ್ಯಾಲ ಕುಂತು ಎದ್ದು ತೋರಸ್ಬೇಕಂತ, ಸರ್ಕಸ್ಸಿನ್ಯಾಗ ಕರಡಿ ತೋರಸ್ದಂಗ."

"ಯವ್ವಾ, ಯಾಕಿಷ್ಟು ಸೊರಗೀದಿ?"

"ವಯಸ್ಸಾತಲ್ಲೇ ಹುಚ್ಚಿ."

"ಉಸುರು ಎಳೀಲಾಕತ್ತೀದಿ."

"ಕಲ್ಲಿನ ಕೆಲ್ಸದಾಗ ಉಸುರು ಹಾಡ್ತದೇನು? ಜ್ವರಿಲ್ಲ, ಬ್ಯಾನಿಲ್ಲ. ಎರಡು ವರ್ಷಾತು, ಒಂದು ಗುಳಿಗಿ ನುಂಗಿಲ್ಲ ನಾ. ನಿಮ್ಮ ಸಾಹೇಬಂದು ಕೈಗುಣ ಚೊಲೊ ಅದ."

ಜಗದೇವಿ ಹೊಸ್ತಿಲ ಮೇಲೆ ಕೂತು ಅವ್ವನ ಕೆಲಸ ನೋಡಿದಳು. ಹುಟ್ಟಿದಂದಿನಿಂದ ನೋಡಿದ್ದೇ. ಆದರೂ ಅಂದು ಮೊದಲ ಸಲ ನೋಡಿದಂತೆ ಕಂಡಿತು. ಅವ್ವನ ಎಡಗಾಲು ಪೂರ್ತಿ ಮಡಚಿ ಕುಂಡಿಯ ಅಡಿಗೆ ಸೇರಿತ್ತು. ಇಡೀ ಮೈಯ ಭಾರ ಅದರ ಮೇಲೆ. ಬಲಗಾಲು ಅರ್ಧ ಎತ್ತಿ ಫರ್ಸಿಯ ಮೂಲೆಯನ್ನು ಒತ್ತಿ ಹಿಡಿದಿತ್ತು. ಸುತ್ತಿಗೆಯ ಒಂದೊಂದು ಪೆಟ್ಟಿಗೂ ಆ ಮಡಚಿದ ಮೊಣಕಾಲು ಭಾರದಡಿಯಲ್ಲೇ ಅಡ್ಡಡ್ಡ ತಿರುಚಿಕೊಳ್ಳುತ್ತಿತ್ತು. ಅಂಚು ಮುಗಿದು ಕಲ್ಲು ತಿರುಗಿಸುವಾಗ ಅವ್ವ ಏಳುವುದಿಲ್ಲ, ಅದೇ ಮೊಣಕಾಲನ್ನು ತಿರುಗಣಿ ಮಾಡಿಕೊಂಡು ಗರಗರ ತಿರುಗುತ್ತಾಳೆ. ಕೈಗಡಿಯಾರ ನೋಡಿ ಎಣಿಸಿದಳು. ನಿಮಿಷಕ್ಕೆ ಮೂವತ್ತೆಂಟು ಪೆಟ್ಟು. ದಿನಕ್ಕೆ ಎಂಟು ಗಂಟೆ.

ಆಮೇಲೆ ಅವ್ವನ ಸೀರೆ ಸರಿಸಿ ಮೊಣಕಾಲಿನ ಹಿಂದಿನ ಸಂದು ನೋಡಿದಳು. ಚರ್ಮ ಬೂದಿ ಬಣ್ಣಕ್ಕೆ ತಿರುಗಿತ್ತು. ಊತವಿಲ್ಲ. ಒತ್ತಿದರೆ ನೋವೂ ಇಲ್ಲ.

ಗಾಜಿನ ಕೋಣೆಯ ಯಂತ್ರಕ್ಕೆ ದಿನಚರಿಯ ಪ್ರೋಗ್ರಾಮ್ ಹಾಕಿದವಳು ಜಗದೇವಿಯೇ. ಹೊರದೇಶದ ಮಾದರಿಯನ್ನು ಮುಂದಿಟ್ಟುಕೊಂಡು ಹಾಕಿದ್ದಳು. ಸಮತಟ್ಟು ನೆಲದ ನಡಿಗೆ ಇಷ್ಟು, ಮೆಟ್ಟಿಲು ಇಷ್ಟು, ಕಾರು ಹತ್ತಿ ಇಳಿಯುವುದು ಇಷ್ಟು. ಕೂರುವುದು ಎಂಬ ಕಡೆ ಆ ಮಾದರಿಯಲ್ಲಿ 'ವಿಶ್ರಾಂತಿ, ಭಾರ ಸೊನ್ನೆ' ಎಂದಿತ್ತು. ಅವಳೂ ಸೊನ್ನೆ ಎಂದೇ ಹೊಡೆದಿದ್ದಳು. ಅಭಯಜಾನು ಪೂರ್ತಿ ಮಡಚುತ್ತದೆಯೇ ಎಂದು ಕ್ಯಾಮೆರಾ ಮುಂದೆ ನೂರು ಸಲ ಮಡಚಿ ನೋಡಿದ್ದರು. ಮಡಚಿಕೊಂಡೇ ದುಡಿಯುತ್ತದೆಯೇ ಎಂದು ಯಾರೂ ನೋಡಿರಲಿಲ್ಲ. ಕೂತರೆ ದಣಿವಾರುತ್ತದೆ ಎಂದು ನಂಬಿದವರು ಬರೆದ ಮಾದರಿ ಅದು, ಸರಿ. ಕೂತೇ ಸತ್ತ ಅಪ್ಪನ ಮಗಳಿಗೆ ಏನಾಗಿತ್ತು? ಕುರ್ಚಿಯೊಂದು ಸಿಕ್ಕ ಎಂಟೇ ವರ್ಷಕ್ಕೆ ಅವಳ ಬುದ್ಧಿಯೂ ಕುರ್ಚಿಯ ಮೇಲೆ ಕೂತುಬಿಟ್ಟಿತ್ತು.

*

ದೇಸಾಯರು ಪ್ರಶಸ್ತಿಯೊಂದನ್ನು ಸ್ವೀಕರಿಸಲು ದಿಲ್ಲಿಗೆ ಹೋಗಿದ್ದರು. ಅವರು ಹೋದಲ್ಲೆಲ್ಲ ಒಂದು ಶಾಲು ಹೊದೆಸಿಕೊಂಡು ಬರುತ್ತಿದ್ದರು. ಹಾಗೆ ಬಂದ ಶಾಲುಗಳಿಗೆಂದೇ ಕೇಂದ್ರದಲ್ಲಿ ಒಂದು ಬೀರು ಇತ್ತು.

ಜಗದೇವಿ ಆರನೇ ಮೊಣಕಾಲನ್ನು ಸಾಲಿನಿಂದ ಬೇರ್ಪಡಿಸಿದಳು. ನಡಿಗೆಯನ್ನು ಅಳಿಸಿ ಅವ್ವನನ್ನು ಬರೆದಳು. ನೂರೈವತ್ತು ಡಿಗ್ರಿ ಮಡಿಕೆ, ಪೂರ್ತಿ ಭಾರ, ನಿಮಿಷಕ್ಕೆ ಮೂವತ್ತೆಂಟು ತಿರುಚು, ನಾಲ್ಕು ನಿಮಿಷಕ್ಕೊಂದು ಗರಗರ ಸುತ್ತು. ಗುಂಡಿ ಒತ್ತಿದಳು. ಐದು ಮೊಣಕಾಲುಗಳು ಪಾರ್ಕಿನಲ್ಲಿ ವಾಕಿಂಗ್ ಹೋಗುತ್ತಿದ್ದರೆ ಆರನೆಯದು ನೆಲಕ್ಕೆ ಕೂತು ಕಲ್ಲು ಕಡಿಯತೊಡಗಿತು. ಆ ಕೋಣೆಯಲ್ಲಿ ಅಂಥ ಸದ್ದು ಯಾರೂ ಕೇಳಿರಲಿಲ್ಲ. ಹಲ್ಲು ಕಡಿದಂಥ ಸದ್ದು.

ನಾಲ್ಕನೇ ದಿನಕ್ಕೆ ಜೇನಿನ ಬಣ್ಣದ ಸೀರಮ್ಮು ಮಬ್ಬಾಯಿತು. ಒಂಬತ್ತನೇ ದಿನ ಪಾತ್ರೆ ತೊಳೆದ ನೀರಿನಂತೆ ಬೂದು. ಸೋಸಿ ನೋಡಿದರೆ ವಾಕಿಂಗಿನ ಮೊಣಕಾಲುಗಳಿಗಿಂತ ನಲವತ್ತು ಪಟ್ಟು ಕಣ. ನಲವತ್ತು ಪಟ್ಟು ಕಣವೆಂದರೆ ಮೌನಿಯೂ ನಲವತ್ತು ಪಟ್ಟು. ಅಷ್ಟು ಮೌನಿ ಮೊಣಕಾಲಿನೊಳಗೇ ಕೂತಿರುವುದಿಲ್ಲ. ಕಣ ನುಂಗಿದ ಕೋಶಗಳು ಅದನ್ನು ಹೊತ್ತುಕೊಂಡು ತೊಡೆಸಂದಿನ ಗ್ರಂಥಿಗೆ, ಅಲ್ಲಿಂದ ಗುಲ್ಮಕ್ಕೆ, ಎದೆಗೆ, ಎಲ್ಲೆಂದರಲ್ಲಿಗೆ ಹೋಗುತ್ತವೆ.

ದಿಲ್ಲಿಯಿಂದ ಬಂದ ದೇಸಾಯರು ಸೋಸುಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಮೇಜಿನ ಮೇಲಿಟ್ಟು, ಬೆರಳು ಒರೆಸಿಕೊಂಡರು.

"ಇದು ದುರ್ಬಳಕೆ ಕಣಮ್ಮ."

"ಯಾವುದು ಸರ್?"

"ಮೊಣಕಾಲನ್ನು ಹೀಗೆಲ್ಲ ತಿರುಚೋದು. ಬಳಕೆದಾರರ ಕೈಪಿಡಿಯ ಹನ್ನೊಂದನೇ ಪುಟ ಓದಿದ್ದೀಯಾ? ಮಡಚಿದ ಸ್ಥಿತಿಯಲ್ಲಿ ದೀರ್ಘಕಾಲ ಭಾರ ಹಾಕಬಾರದು ಅಂತ ಸ್ಪಷ್ಟವಾಗಿ ಬರೆದಿದ್ದೇವೆ."

"ಇಂಗ್ಲಿಷಿನಲ್ಲಿದೆ ಸರ್."

"ಅನುವಾದಕ್ಕೆ ಕೊಟ್ಟಾಗಿದೆ."

"ಅವರು ಕೂತೇ ಕಲ್ಲು ಕಡಿಯೋರು ಸರ್. ಅದಕ್ಕೇ ಅಲ್ಲವಾ ಅವರಿಗೆ ಮೊಣಕಾಲು ಹಾಕಿದ್ದು?"

"ಅವರು ಎದ್ದು ನಿಲ್ಲಲಿ ಅಂತ ಹಾಕಿದ್ದು. ಮೇಜಿನ ಮೇಲೆ ಕಲ್ಲಿಟ್ಟುಕೊಂಡು ಕೆಲಸ ಮಾಡೋಕೆ ಅವರಿಗೇನು ಕಷ್ಟ? ಅಭ್ಯಾಸ ಬದಲಿಸಿಕೊಳ್ಳಲ್ಲ, ಅಷ್ಟೆ." ದೇಸಾಯರು ಕುರ್ಚಿಗೆ ಒರಗಿ ಮುಗುಳ್ನಕ್ಕರು. ಬಡವರಿಗೆ ಬುದ್ಧಿ ಹೇಳುವಾಗ ಅವರ ಮುಖದಲ್ಲಿ ಒಂದು ಕಾಂತಿ ಬರುತ್ತಿತ್ತು. "ಇರಲಿ, ಕಣ ಜಾಸ್ತಿ ಬಂದರೂ ಏನಾಯ್ತು ಹೇಳು? ಇನ್ನೂರಾ ಹನ್ನೆರಡು ಜನರ ಫೈಲು ನನ್ನ ಹತ್ತಿರ ಇದೆ. ಎರಡು ವರ್ಷದಲ್ಲಿ ಒಬ್ಬರಿಗೂ ಊತವಿಲ್ಲ, ಒಬ್ಬರಿಗೂ ನೋವಿಲ್ಲ. ಒಬ್ಬರಿಗೂ ಒಂದು ದಿನ ಜ್ವರ ಬಂದಿಲ್ಲ. ಇದಕ್ಕಿಂತ ಆರೋಗ್ಯ ಬೇಕೇನಮ್ಮ?"

ಜಗದೇವಿ ಸೋಸುಕಾಗದವನ್ನು ಮೇಜಿನಿಂದ ಎತ್ತಿಕೊಂಡಳು. ಬಂಡೆವಾಡದ ಇನ್ನೂರಾ ಹನ್ನೆರಡು ಜನರಲ್ಲಿ ಎರಡು ವರ್ಷ ಯಾರಿಗೂ ಜ್ವರವಿಲ್ಲ! ಖಣಿಯ ಹೊಂಡದ ನೀರು ಕುಡಿಯುವ, ಸೊಳ್ಳೆಯ ಜೊತೆ ಮಲಗುವ, ಮನೆಗೊಬ್ಬರಂತೆ ಕ್ಷಯ ಸಾಕಿಕೊಂಡ ಊರಿನಲ್ಲಿ ಜ್ವರವಿಲ್ಲ! ಆ ಮನುಷ್ಯ ಅದನ್ನು ಸಾಧನೆ ಎಂದು ಫೈಲು ಮಾಡಿಟ್ಟಿದ್ದ. ಆ ಊರಿನ ಒಂದು ಮನೆಯ ಒಳಗೆ ಕಾಲಿಟ್ಟಿದ್ದರೂ ಸಾಕಿತ್ತು, ಅದನ್ನು ಕೇಳಿ ಅವನಿಗೆ ಮೈ ನಡುಗುತ್ತಿತ್ತು.

"ಹದಿನಾಲ್ಕರ ಕಾರ್ಯಕ್ರಮಕ್ಕೆ ನಿಮ್ಮ ತಾಯಿಯನ್ನು ಒಳ್ಳೆ ಸೀರೆ ಉಡಿಸಿ ಕರಕೊಂಡು ಬಾ," ಎಂದರು ದೇಸಾಯರು. "ಆ ಆರನೇದನ್ನ ನಡಿಗೆಗೆ ಹಾಕು."

ಅವಳು ಆರನೆಯದನ್ನು ನಡಿಗೆಗೆ ಹಾಕಲಿಲ್ಲ. ಸೋಸುಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

*

ಕ್ಷಯದ ದವಾಖಾನೆಯ ಡಾ. ನುಸ್ರತ್ ಸಾಬಮ್ಮನ ಎದೆಯ ಎಕ್ಸ್‌ರೇಯನ್ನು ಕಿಟಕಿಗೆ ಅಂಟಿಸಿ ನೋಡಿದಳು. ಮೊದಲು ಕೇಳಿದ್ದು, "ಈಕಿ ಇಲ್ಲೀತನ ನಡಕೊಂತ ಬಂದ್ಲೇನು?" ಎಂದು.

"ಬಸ್‌ಸ್ಟ್ಯಾಂಡಿನಿಂದ ನಡದೇ ಬಂದೀನ್ರಿ," ಎಂದಳು ಸಾಬಮ್ಮ ಹೆಮ್ಮೆಯಿಂದ. ಅವಳನ್ನು ಇಲ್ಲಿಗೆ ಕರೆತರಲು ಜಗದೇವಿ ಎರಡು ದಿನ ಜಗಳಾಡಿದ್ದಳು.

"ಕಫದ ತುಂಬ ಕ್ಷಯದ ಹುಳ ಅದಾವ. ಇಷ್ಟು ಹುಳ ಇದ್ದಾಕಿ ಚಳಿಜ್ವರದಾಗ ಒದ್ದಾಡ್ಬೇಕಾಗಿತ್ತು." ನುಸ್ರತ್ ಜಗದೇವಿಯ ಕಡೆ ತಿರುಗಿದಳು. "ಕ್ಷಯದ ಹುಳ ನಮ್ಮಲ್ಲಿ ಭಾಳ ಮಂದಿ ಎದ್ಯಾಗ ಇರ್ತದ. ಕಾವಲು ಕೋಶ ಅದರ ಸುತ್ತ ಗೋಡಿ ಕಟ್ಟಿ ಕೂಡಿ ಹಾಕಿರ್ತಾವ. ಈಕಿ ಎದ್ಯಾಗ ಗೋಡೀನೇ ಇಲ್ಲ. ಕಟ್ಟೋರೆಲ್ಲ ಕೈ ಕಟ್ಟಿ ಕುಂತಾರ. ಹುಳ ಹಾದ್ಯಾಗ ಅಡ್ಡಾಡಿದಂಗ ಅಡ್ಡಾಡ್ಲಾಕತ್ತಾವ." ಸೋಸುಕಾಗದವನ್ನು ನೋಡಿದಳು, ಮೌನಿಯ ವಿಷಯ ಕೇಳಿದಳು, ಡ್ರಾಯರಿನಿಂದ ಹೆಸರುಗಳಿದ್ದ ಒಂದು ಹಾಳೆ ತೆಗೆದು ತೋರಿಸಿದಳು. "ಈ ಆರು ತಿಂಗಳದಾಗ ನಿಮ್ಮೂರಿನ ಏಳು ಮಂದಿ ಇಲ್ಲಿಗಿ ಬಂದಾರ. ಎಲ್ಲರೂ ಹೆಣಾ ಆಗೇ ಬಂದ್ರು. ಒಬ್ರಿಗೂ ಜ್ವರ ಇದ್ದಿಲ್ಲಂತ. ಧೂಳಿನ ರೋಗ ಅಂತ ಬರ್ದು ಸುಟ್ರು. ಏಳೂ ಮಂದೀದು ಸರ್ಕಾರಿ ಮಣಕಾಲು."

"ಗುಳಿಗಿ ಕೊಟ್ರ?" ಎಂದು ಕೇಳಿದಳು ಜಗದೇವಿ.

"ಕೊಡ್ತೀನಿ. ಗುಳಿಗಿ ಒಂದೇ ಗೆಲ್ಲಲ್ಲ, ಮೈ ಕೂಡ ಬಡದಾಡ್ಬೇಕು. ಮಣಕಾಲು ಉದುರಿಸ್ತಿರೋ ತನಕ ಮೈ ಏಳಂಗಿಲ್ಲ. ಅದು ಹೊರಗ ಬರ್ಬೇಕು. ಮೌನಿಯ ಕಸುವು ವಾರ ಎರಡು ವಾರಕ್ಕ ಇಳಿದ್ರ ಮೈಗೆ ಎಚ್ಚರ ಬಂದೀತು. ಬರ್ಲಿಕ್ಕಿಲ್ಲ ಕೂಡ. ಯಾರೂ ಮಾಡಿ ನೋಡಿಲ್ಲ ನೋಡು."

"ತೆಗದಮ್ಯಾಲ ಬ್ಯಾರೇದು ಕೂಡಸ್ತೀರಿ?" ಎಂದಳು ಸಾಬಮ್ಮ.

"ಕ್ಷಯ ಇರೋ ಮೈಗೆ ಕೂಡ್ಸೂದು ಆಗಲ್ಲಮ್ಮ. ಎರಡು ಎಲುಬು ಕೂಡ್ಸಿ ರಾಡು ಹಾಕ್ತಾರ. ಕಾಲು ನೆಟ್ಟಗ ಇರ್ತದ, ಮಡಚಲ್ಲ."

"ಮಡಚಲ್ಲ ಅಂದ್ರ?"

"ನೆಲಕ್ಕ ಕುಂದ್ರಾಕ ಬರಲ್ಲ. ಎಂದಿಗೂ."

ಸಾಬಮ್ಮ ಎದ್ದು ಸೆರಗು ಕೊಡವಿಕೊಂಡು ಹೊರಗೆ ನಡೆದಳು.

ಮನೆಗೆ ಬಂದು ಉಳಿ ಎತ್ತಿಕೊಂಡು ಕೂತ ಮೇಲೆ ಮಾತಾಡಿದಳು.

"ಮೂಲ್ಯಾಗ ಬಿದ್ದಾಕಿನ್ನ ಎಬ್ಬಿಸಿದ್ದು ಈ ಮಣಕಾಲು. ಅದನ್ನ ಕಿತ್ತಿ ಕೋಲಿನಂಥ ಕಾಲು ಹಚ್ಕೊಂಡು ನಾ ಏನ್ ಮಾಡ್ಲಿ? ಬ್ಯಾನಿ ಇಲ್ಲ, ಬಾವು ಇಲ್ಲ. ಆ ಡಾಕ್ಟರಮ್ಮಗ ಎಲ್ಲರ ಎದ್ಯಾಗೂ ಹುಳಾನೇ ಕಾಣ್ತಾವ."

"ಬ್ಯಾನಿ ಇಲ್ಲದ್ದೇ ರೋಗ ಯವ್ವಾ."

"ನಿಮ್ಮ ಸಾಹೇಬ ಮಿಷನ್ನಿನ್ಯಾಗ ಹಾಕಿ ನೋಡ್ಯಾನಂತಲ್ಲ? ಐದು ವರ್ಷದ್ದು ಎರಡೇ ತಿಂಗಳದಾಗ ನೋಡ್ಯಾನಂತ. ನೀನೇ ಹೇಳಿದ್ದಿ."

ಇದೇ ಕ್ಷಣಕ್ಕೆ ಜಗದೇವಿ ಹೆದರಿದ್ದಳು. ಅವ್ವನ ಎದುರು ಕೂತು, ಮುಚ್ಚುಮರೆ ಇಲ್ಲದೆ ಹೇಳಿದಳು. ಮಿಷನ್ನು ಬರೀ ನಡೆದದ್ದು, ಕೂತದ್ದೇ ಇಲ್ಲ ಎಂದು. ಕೂರುವುದೆಂದರೆ ಭಾರವೇ ಇಲ್ಲ ಎಂದು ಬರೆದದ್ದು ದೇಸಾಯಿ ಅಲ್ಲ, ತಾನೇ ಎಂದು.

ಸುತ್ತಿಗೆ ನಿಂತಿತು.

"ಕುಂತ್ರ ಭಾರ ಇಲ್ಲಂತ ಬರ್ದಿ?"

"ಹ್ಞೂಂ."

"ನೀ?"

"ನಾನೇ."

"ನನ್ನ ಬೆನ್ನಿಗಿ ಕಟ್ಟಿಸ್ಕೊಂಡು ಈ ಸುತ್ತಿಗಿ ಸಪ್ಪಳದಾಗ ನಿದ್ದಿ ಮಾಡಿದಾಕಿ ನೀ!" ಸಾಬಮ್ಮನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಆ ಸಾಹೇಬ ಎಂದೂ ನೆಲಕ್ಕ ಕುಂತಾಂವಲ್ಲ, ಅವಂಗ ಗೊತ್ತಿಲ್ಲ, ಹೋಗ್ಲಿ ಹಾಳಾಗಿ. ನೀ ಯಾಕ ಬರ್ದಿ?"

"ಮಾದರ್ಯಾಗ ಹಂಗೇ ಇತ್ತು. ಬ್ಯಾರೆ ಬರದ್ರ ಹಳ್ಳಿ ಬುದ್ಧಿ ಅಂತ ನಗ್ತಾರಂತ..."

"ಥೂ."

ಅಷ್ಟೇ. ಸಾಬಮ್ಮ ಕಲ್ಲಿನ ಕಡೆ ಮುಖ ತಿರುಗಿಸಿದಳು. ಮಗಳಿಗಲ್ಲ, ಕಲ್ಲಿಗೆ ಹೇಳುವಂತೆ ಕೇಳಿದಳು. "ಆ ಏಳು ಮಂದ್ಯಾಗ ನಮ್ಮ ಗುಂಡಮ್ಮನೂ ಅದಾಳೇನು?"

"ಅದಾಳ."

"ಆಕಿ ಸಾಯೂ ಹಿಂದಿನ ದಿನ ನನ್ನ ಬಾಜೂಕ ಕುಂತು ಅಂಚು ಹೊಡದಾಳ. ತಂಬಾಕ ತಿಂದು ನಕ್ಕಾಳ." ಸಾಬಮ್ಮ ತನ್ನ ಮೊಣಕಾಲನ್ನು ಗುದ್ದಿ ನೋಡಿಕೊಂಡಳು. ಏನೂ ಅನ್ನಿಸಲಿಲ್ಲ. "ನನ್ನ ಕಣ್ಣಿಗಿ ಕಾಣೂ ಹಂಗ ತೋರ್ಸು. ನಿನ್ನ ಕಾಗದ, ನಿನ್ನ ಮಿಷನ್ನು ನಾ ನಂಬಲ್ಲ. ಮಂದೀನೂ ನಂಬಲ್ಲ."

*

ಕಣ್ಣಿಗೆ ಕಾಣುವ ಹಾಗೆ ತೋರಿಸುವ ದಾರಿ ನುಸ್ರತ್ ಬಳಿ ಇತ್ತು. ಕ್ಷಯದ ಹುಳದಿಂದ ತೆಗೆದ, ಅಪಾಯವಿಲ್ಲದ ಒಂದು ಹನಿ ರಸವನ್ನು ತೋಳಿನ ಚರ್ಮದಡಿಗೆ ಚುಚ್ಚುವುದು. ಕ್ಷಯದ ಪರಿಚಯವಿರುವ ಮೈ ಮೂರು ದಿನದಲ್ಲಿ ಅಲ್ಲಿ ಕೆಂಪಗೆ ಗಡ್ಡೆ ಎಬ್ಬಿಸುತ್ತದೆ. ಬಂಡೆವಾಡದಲ್ಲಿ ಆ ಪರಿಚಯವಿಲ್ಲದ ಮೈ ಸಿಗುವುದು ಅಪರೂಪ, ಹಾಗಾಗಿ ಅಲ್ಲಿ ಗಡ್ಡೆ ಏಳದಿದ್ದರೆ ಮೈಯ ಕಾವಲು ಮಲಗಿದೆ ಎಂದೇ ಅರ್ಥ.

ಹನ್ನೊಂದನೇ ತಾರೀಖು ಖಣಿ ಕೂಲಿಗಳ ಸಂಘದ ಶೆಡ್ಡಿನಲ್ಲಿ ಸರ್ಕಾರಿ ಮಣಕಾಲಿನ ನಲವತ್ತು ಜನಕ್ಕೂ ಸ್ವಂತ ಮಣಕಾಲಿನ ನಲವತ್ತು ಜನಕ್ಕೂ ಚುಚ್ಚಿದರು. ಹದಿನಾಲ್ಕರ ಬೆಳಿಗ್ಗೆ ಎರಡು ಸಾಲಾಗಿ ಕೂರಿಸಿ ತೋಳು ಮೇಲೆತ್ತಿಸಿದರು. ಅದೇ ಹೊತ್ತಿಗೆ ಸಾಬಮ್ಮನನ್ನು ಸ್ಟೇಜಿಗೆ ಒಯ್ಯಲು ದೇಸಾಯರ ಕಾರು ಬಂತು. ಸಾಬಮ್ಮ ಬಾರದಿದ್ದುದನ್ನು ಕಂಡು ದೇಸಾಯರೇ ಫೋಟೋದವನನ್ನು ಹಿಂದಿಟ್ಟುಕೊಂಡು, ಮೂಗಿಗೆ ಕರವಸ್ತ್ರ ಹಿಡಿದು, ಶೆಡ್ಡಿನೊಳಕ್ಕೆ ಬಂದರು.

ಸ್ವಂತ ಮಣಕಾಲಿನವರ ಸಾಲಿನಲ್ಲಿ ಮೂವತ್ತಾರು ತೋಳು ಕೆಂಪಗೆ ಉಬ್ಬಿದ್ದವು. ಆ ಸಾಲಿನ ಕೊನೆಯಲ್ಲಿ ಕೂತಿದ್ದ ಜಗದೇವಿಯದೂ ಒಂದು. ಎದುರು ಸಾಲಿನಲ್ಲಿ ನಲವತ್ತು ತೋಳುಗಳಿದ್ದವು, ಒಂದರ ಮೇಲೂ ಸಾಸಿವೆಯಷ್ಟು ಉಬ್ಬಿರಲಿಲ್ಲ.

ದೇಸಾಯರ ಮುಖ ಅರಳಿತು. "ನೋಡಿ! ಊತವಿಲ್ಲ, ಕೆಂಪಿಲ್ಲ. ಅಭಯಜಾನುವಿನವರ ಚರ್ಮ ಎಷ್ಟು ಶುಭ್ರವಾಗಿದೆ! ಯಾವುದಕ್ಕೆ ಚುಚ್ಚಿದ್ದು ಇದು? ಅಲರ್ಜಿಗಾ?" ಫೋಟೋದವನಿಗೆ ಸನ್ನೆ ಮಾಡಿದರು.

"ಕ್ಷಯಕ್ಕ," ಎಂದಳು ನುಸ್ರತ್.

ಕರವಸ್ತ್ರ ಮೂಗಿನಿಂದ ಬಾಯಿಗಿಳಿಯಿತು. ಮೂರ್ಖನೇನಲ್ಲ ಆ ಮನುಷ್ಯ. ಆ ನಲವತ್ತು ತೋಳುಗಳ ಅರ್ಥ ಆ ಶೆಡ್ಡಿನಲ್ಲಿ ಎಲ್ಲರಿಗಿಂತ ಮೊದಲು ತಿಳಿದದ್ದು ಅವನಿಗೇ. ತಿಳಿದ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ, "ಫೋಟೋ ಬೇಡ" ಎಂದದ್ದು.

"ಯಾಕ್ರಿ ಸಾಹೇಬ್ರ?" ಎಂದಳು ಸಾಬಮ್ಮ, ತೋಳು ಎತ್ತಿದ ಹಾಗೆಯೇ. "ಬಸ್‌ಸ್ಟ್ಯಾಂಡಿನಾಗ ಹಚ್ಚಾಕ ಬ್ಯಾಡೇನು ಇದು? ಮಣಕಾಲು ಹಚ್ಚೀರಿ, ತೋಳೂ ಹಚ್ರಿ."

"ಇದರ ಬಗ್ಗೆ ಸಮಿತಿ ಮಾಡೋಣ. ಭಾವೋದ್ವೇಗ ಬೇಡ. ನಿಮಗೆ ನೋವೇನೂ ಇಲ್ಲವಲ್ಲ?"

"ಅದನ್ನೇ ಕೇಳಾಕತ್ತೀನ್ರಿ. ನಮ್ಮ ಬ್ಯಾನಿ ಎಲ್ಲಿ ಇಟ್ಟೀರಿ?"

ದೇಸಾಯರು ಹಿಂದೆ ಹಿಂದೆ ಸರಿಯುತ್ತ ಹೋಗಿ ಕಾರು ಹತ್ತಿದರು. ಜನ ಅಟ್ಟಿಸಿಕೊಂಡು ಹೋಗಲಿಲ್ಲ. ಜನರಿಂದ ಅಟ್ಟಿಸಿಕೊಳ್ಳಲೂ ಒಂದು ಯೋಗ್ಯತೆ ಬೇಕು.

ಮಾಣಿಕಪ್ಪ ಮಾತ್ರ ತನ್ನ ನುಣುಪು ತೋಳನ್ನು ಉಜ್ಜಿಕೊಳ್ಳುತ್ತ ಗೊಣಗಿದ. "ಏನರ ಅನ್ರಿ, ಬ್ಯಾನಿಲ್ಲದ ಮಣಕಾಲು ನಾ ಯಾಕ ಕೀಳಸ್ಲಿ? ಕಿತ್ತಮ್ಯಾಲ ಮೈ ಎಚ್ಚರಾಗ್ತದಂತ ಯಾರ ಕಂಡಾರ? ಎರಡೂ ಕಾಲು ಕೋಲಾಗಿ, ಅದೂ ಇಲ್ಲ ಇದೂ ಇಲ್ಲ ಅಂತಾದ್ರ?"

ಸಾಲಿನಲ್ಲಿದ್ದವರೆಲ್ಲ ಸಾಬಮ್ಮನನ್ನು ನೋಡಿದರು.

"ನಂದು ಮೊದಲು ತಗೀರಿ," ಎಂದಳು ಸಾಬಮ್ಮ. "ಸತ್ರ ನೀವು ಯಾರೂ ಕೀಳಸ್ಬ್ಯಾಡ್ರಿ."

*

ಸಮಿತಿಯಾಯಿತು. ಸಮಿತಿಯ ಐವರಲ್ಲಿ ಮೂವರು ದೇಸಾಯರ ಶಿಷ್ಯರು. ಹತ್ತು ದಿನಕ್ಕೆ ಬಂದ ಆದೇಶದಲ್ಲಿ, ಲೋಪವೇನಾದರೂ ಇದ್ದಲ್ಲಿ ಅದು ಪ್ರೋಗ್ರಾಮ್ ಹಾಕಿದ ತಾಂತ್ರಿಕ ಸಿಬ್ಬಂದಿ ಕುಮಾರಿ ಜಗದೇವಿಯವರದು, ಅವರನ್ನು ಅಮಾನತಿನಲ್ಲಿಡಲಾಗಿದೆ ಎಂದಿತ್ತು. ಸುಳ್ಳಿನ ಆ ಮೂರು ಪುಟದಲ್ಲಿ ಅದೊಂದೇ ವಾಕ್ಯ ಅರ್ಧ ನಿಜವಾಗಿದ್ದುದರಿಂದ ಜಗದೇವಿ ಅದನ್ನು ಅಲ್ಲಗಳೆಯಲಿಲ್ಲ. ಅದರ ಹಿಂಬದಿಯಲ್ಲೇ, ಹೌದು, ನಾನೇ ಹಾಕಿದೆ, ನನ್ನಿಂದ ಹಾಕಿಸಿದ ಮಾದರಿ ಇದು, ಒಪ್ಪಿ ರುಜು ಮಾಡಿದವರ ಹೆಸರುಗಳು ಇವು, ಆರನೇ ಮೊಣಕಾಲು ಹೇಳಿದ್ದು ಇದು ಎಂದು ಬರೆದು, ಸರ್ಕಾರಿ ಮಣಕಾಲಿನವರಲ್ಲಿ ಬದುಕುಳಿದ ಇನ್ನೂರಾ ಐದು ಜನಕ್ಕೂ ಪತ್ರಿಕೆಗಳಿಗೂ ಪ್ರತಿ ಹಂಚಿದಳು.

ಅಷ್ಟರಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ಸಾಬಮ್ಮನ ಮೊಣಕಾಲು ಹೊರಗೆ ಬಂದಿತ್ತು. ಕೀಲಿನ ಸುತ್ತಲ ಮಾಂಸ ಮಸಿ ಬಳಿದಂತೆ ಕಪ್ಪಾಗಿತ್ತಂತೆ. ಎಡಗಾಲಿಗೆ ತೊಡೆಯಿಂದ ಮೀನಖಂಡದವರೆಗೆ ರಾಡು. ಸಾಬಮ್ಮ ದಿನವೂ ಗುಳಿಗೆ ನುಂಗಿ, ಅಲ್ಲಾಡದ ಆ ಕಾಲನ್ನು ಬೇರೆ ಯಾರದೋ ಸಾಮಾನು ಎಂಬಂತೆ ನೋಡುತ್ತ ಮಲಗಿರುತ್ತಿದ್ದಳು. ಒಂದು ವಾರವಾಯಿತು. ಎರಡಾಯಿತು. ಕೊಯ್ದ ಗಾಯ ಕೂಡ ನೋಯಲಿಲ್ಲ. ನರ್ಸು ದಿನಕ್ಕೆ ನಾಲ್ಕು ಸಲ ಥರ್ಮಾಮೀಟರು ಇಟ್ಟು, ನಾರ್ಮಲ್ ಎನ್ನುತ್ತ ಬರೆದು ಹೋಗುತ್ತಿದ್ದಳು. ಆ ಒಂದು ಪದ ಕೇಳಿದರೆ ಜಗದೇವಿಗೆ ಕಿವಿಗೆ ಸೀಸ ಹೊಯ್ದಂತಾಗುತ್ತಿತ್ತು. ಸಾಬಮ್ಮನ ಮೈ ಎದ್ದರೆ ತಮ್ಮದನ್ನೂ ಕೀಳಿಸಲೆಂದು ಊರಿಂದ ಬಂದ ಹನ್ನೊಂದು ಜನ ವರಾಂಡದ ಬೆಂಚಿನ ಮೇಲೆ ಫೈಲು ಹಿಡಿದು ಕಾದಿದ್ದರು. ಅವರಲ್ಲಿ ಮಾಣಿ‌ಕಪ್ಪನೂ ಇದ್ದ, ತಾನು ಬರೀ ಜೊತೆಗೆ ಬಂದದ್ದು ಎನ್ನುತ್ತ.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಸಾಬಮ್ಮ ಹೊದಿಕೆ ಎಳೆದುಕೊಂಡಳು. ಇನ್ನೊಂದು ಹೊದಿಕೆ ಕೇಳಿದಳು. ಹಲ್ಲು ಕಟಕಟ ಎನ್ನತೊಡಗಿತು.

"ಏ ಜಗದೀ... ಕಾಲಾಗ ಬೆಂಕಿ ಇಟ್ಟಾರ ನೋಡೇ. ತೊಡಿ ಒಡದು ಹೋಗ್ಲಾಕತ್ತದ. ಕರಿ ಆ ಡಾಕ್ಟರಗ, ಅವರವ್ವನ... ಏನ್ ನೋಡ್ತಿ ಹಂಗ ಗೊಂಬಿ ನಿಂತಂಗ ನಿಂತು? ನಾ ಸಾಯ್ಲಾಕತ್ತೀನಿ, ನೀ ನಗ್ತಿ?"

ಜಗದೇವಿ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಾಗಲಿಲ್ಲ. ನರ್ಸಿನ ಕೈಯಿಂದ ಥರ್ಮಾಮೀಟರು ಕಿತ್ತುಕೊಂಡು ನೋಡಿದಳು. ಮತ್ತೊಮ್ಮೆ ನೋಡಿದಳು. ವರಾಂಡಕ್ಕೆ ಓಡಿ ಬಂದು ಬೆಂಚಿನ ಮುಂದೆ ನಿಂತಳು. ಒಳಗಿನಿಂದ ಸಾಬಮ್ಮನ ಬೈಗುಳ ಇಡೀ ವಾರ್ಡಿಗೆ ಕೇಳುತ್ತಿತ್ತು. ದೇಸಾಯಿ, ಮಂತ್ರಿ, ಮಾಲೀಕ, ಮಗಳು, ಯಾರನ್ನೂ ಬಿಡದೆ.

"ಬಂತು," ಎಂದಳು ಜಗದೇವಿ. "ನಮ್ಮವ್ವಗ ಜ್ವರ ಬಂತು."

ಬೆಂಚಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಎಷ್ಟದ?" ಎಂದು ಕೇಳಿದ ಮಾಣಿಕಪ್ಪ.

"ನೂರಾ ಎರಡು."

ಮಾಣಿಕಪ್ಪ ಒಳಗಿನ ಬೈಗುಳವನ್ನು ಇನ್ನಷ್ಟು ಹೊತ್ತು ಕಿವಿಗೊಟ್ಟು ಕೇಳಿದ. ಆಮೇಲೆ ಅಂಗಿಯ ಒಳಗಿನಿಂದ ಮಡಚಿದ ಫೈಲೊಂದನ್ನು ತೆಗೆದು, ಎರಡೂ ಮೊಣಕಾಲಿಗೆ ಕೈ ಊರಿ ಎದ್ದು, ನರ್ಸಿನ ಟೇಬಲ್ಲಿನ ಮೇಲೆ ಇಟ್ಟ.

"ಎಡಗಾಲಿಂದ ಸುರು ಮಾಡ್ರಿ," ಎಂದ.